ಕನ್ನಡ ಓದಲು ಅಗ್ಗದ ಇ-ರೀಡರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷ್ ಮಾತ್ರ ಓದುವವರಿಗೆ ಇ-ರೀಡರ್, ಅಂದರೆ ಇ-ಪುಸ್ತಕ ಓದಲೆಂದೇ ಮಾಡಿದ ಯಂತ್ರ, ಆರಿಸುವುದು ದೊಡ್ಡ ತಲೆನೋವಲ್ಲ. ದುಡ್ಡು ನೋಡಿ, ಗಾತ್ರ ನೋಡಿ, ತಗೊಂಡರೆ ಮುಗಿಯಿತು. ಕನ್ನಡ ಓದುವವರಿಗೆ ಲೆಕ್ಕವೇ ಬೇರೆ. ಇಂಗ್ಲಿಷ್ ರಿವ್ಯೂಗಳಲ್ಲಿ ಐದು ಸ್ಟಾರ್ ಪಡೆದ ಯಂತ್ರ ನಮ್ಮ ಒತ್ತಕ್ಷರದ ಮುಂದೆ ಮುಗ್ಗರಿಸಬಹುದು. ಆ ರಿವ್ಯೂ ಬರೆದವರಿಗೆ ಅದು ಗೊತ್ತಾಗುವ ದಾರಿಯೂ ಇಲ್ಲ. ಅದಕ್ಕೇ ಈ ಪುಟ. ನನ್ನ ಸಲಹೆ ಇಷ್ಟೇ: ನಿಮ್ಮ ಕನ್ನಡ ಪುಸ್ತಕ ಎಲ್ಲಿಂದ ಬರುತ್ತದೆ ಅಂತ ಮೊದಲು ನೋಡಿ, ಯಂತ್ರವನ್ನು ಆಮೇಲೆ ನೋಡಿ.

ಮೊಬೈಲ್ ಇದೆ, ಟ್ಯಾಬ್ ಇದೆ. ಇನ್ನೊಂದು ಯಂತ್ರ ಯಾಕೆ ಬೇಕು?

ಎಲ್ಲರಿಗೂ ಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ ಓದುವವರಿಗೆ ಮೊಬೈಲೇ ಸಾಕು.

ಇ-ರೀಡರಿನ ಪರದೆ ಕೆಲಸ ಮಾಡುವ ರೀತಿ ಬೇರೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಗುಳ್ಳೆಗಳಿರುತ್ತವೆ. ಒಂದೊಂದು ಗುಳ್ಳೆಯಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ಒಂದಕ್ಕೆ ಧನ ವಿದ್ಯುತ್, ಇನ್ನೊಂದಕ್ಕೆ ಋಣ ವಿದ್ಯುತ್. ಕರೆಂಟ್ ಕೊಟ್ಟಾಗ ಒಂದು ಬಣ್ಣದ ಕಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಹಾಗೆ ಬಂದ ಮೇಲೆ ಕರೆಂಟ್ ಬೇಕಿಲ್ಲ, ಅಲ್ಲೇ ಕೂತಿರುತ್ತದೆ. ಪರದೆಗೆ ಬ್ಯಾಟರಿ ಖರ್ಚಾಗುವುದು ಪುಟ ತಿರುಗಿಸುವಾಗ ಮಾತ್ರ. ಪರದೆ ತಾನಾಗಿ ಹೊಳೆಯುವುದಿಲ್ಲವಾದ್ದರಿಂದ ಬಿಸಿಲಿನಲ್ಲಿ ಕಾಗದದಷ್ಟೇ ಚೆನ್ನಾಗಿ ಕಾಣುತ್ತದೆ. ಈ ತಂತ್ರ ಹುಟ್ಟಿದ್ದು ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ. ಅಲ್ಲಿಂದ 1997ರಲ್ಲಿ ಇ ಇಂಕ್ ಕಂಪನಿ ಶುರುವಾಯಿತು. 2004ರಲ್ಲಿ ಸೋನಿ ಜಪಾನಿನಲ್ಲಿ ಲಿಬ್ರಿಯೆ ಅನ್ನುವ ಯಂತ್ರ ತಂದಿತು. 2007ರ ನವೆಂಬರ್‌ನಲ್ಲಿ ಅಮೆಜಾನಿನ ಕಿಂಡಲ್ ಬಂತು.

ನಿಜ ಹೇಳಬೇಕೆಂದರೆ, ಪರದೆಗಿಂತ ದೊಡ್ಡ ಲಾಭ ಇನ್ನೊಂದಿದೆ. ಇದರಲ್ಲಿ ವಾಟ್ಸ್ಯಾಪ್ ಬರುವುದಿಲ್ಲ.

ಕಣ್ಣಿಗೆ ಒಳ್ಳೆಯದು ಅಂತಾರಲ್ಲ, ಹೌದಾ?

ಬಿಸಿಲಲ್ಲಿ, ಹಗಲು ಬೆಳಕಲ್ಲಿ ಹಾಯಾಗಿರುತ್ತದೆ. ರಾತ್ರಿ ಅದರ ದೀಪ ಹಾಕಿಕೊಂಡು ಓದಿದರೆ ಅದೂ ಬೆಳಕೇ. ಪರದೆಯ ಅಂಚಿನಲ್ಲಿರುವ ಸಣ್ಣ ಎಲ್‌ಇಡಿಗಳು ಪುಟದ ಮೇಲೆ ಬೆಳಕು ಹಾಯಿಸುತ್ತವೆ, ಟ್ಯಾಬ್‌ನಂತೆ ಹಿಂದಿನಿಂದ ಕಣ್ಣಿಗೆ ಹೊಡೆಯುವುದಿಲ್ಲ. ಅಷ್ಟು ವ್ಯತ್ಯಾಸ ಇದೆ. ಕನ್ನಡಕದ ನಂಬರ್ ಇಳಿಯುತ್ತದೆ ಅಂತೆಲ್ಲ ಯಾರಾದರೂ ಹೇಳಿದರೆ ನಂಬಬೇಡಿ.

"ಅಗ್ಗ" ಅಂದರೆ ಎಷ್ಟು?

2012ರಲ್ಲಿ ಕಿಂಡಲ್ ಭಾರತಕ್ಕೆ ಬಂದಾಗ 6,999 ರೂಪಾಯಿ. 2019ರ ಸಾದಾ ಕಿಂಡಲ್ 7,999 ರೂಪಾಯಿ. 2025ರಲ್ಲಿ ಇಲ್ಲಿ ಬಿಡುಗಡೆಯಾದ ಪೇಪರ್‌ವೈಟ್ 16,999 ರೂಪಾಯಿ. ಅದರಲ್ಲಿ ಪರದೆ ದೊಡ್ಡದು, ಸೌಲಭ್ಯ ಜಾಸ್ತಿ, ನಿಜ. ಆದರೆ ಬಜೆಟ್ ಇಟ್ಟುಕೊಂಡು ಹೋಗುವವರ ಕೈಗೆ ಅದು ಸುಲಭಕ್ಕೆ ಎಟುಕುವುದಿಲ್ಲ.

ಇಲ್ಲಿ ಅಗ್ಗದ್ದು ಅಂದಾಗ ಪೆನ್ನು, ಬಣ್ಣ, ದೊಡ್ಡ ಪರದೆ ಯಾವುದೂ ಇಲ್ಲದ 6 ಇಂಚಿನ ಯಂತ್ರ ಅಂತ ತಿಳಿದುಕೊಳ್ಳಿ. 2022ರ ಸಾದಾ ಕಿಂಡಲ್ ಒಳ್ಳೆಯ ಅಳತೆಗೋಲು: 6 ಇಂಚು, 300 ಪಿಪಿಐ (ಇಂಚಿಗೆ 300 ಚುಕ್ಕಿ), 16 ಜಿಬಿ, ಯುಎಸ್‌ಬಿ-ಸಿ ಚಾರ್ಜಿಂಗ್, ತೂಕ 158 ಗ್ರಾಂ. ಯಾವುದೇ ಕಂಪನಿಯ ಯಂತ್ರ ನೋಡುವಾಗಲೂ ಇದರ ಪಕ್ಕ ಇಟ್ಟು ಹೋಲಿಸಿ. ಇದಕ್ಕಿಂತ ಕಡಿಮೆ ಇದ್ದರೆ ಬೆಲೆಯೂ ಚೆನ್ನಾಗಿಯೇ ಕಡಿಮೆ ಇರಬೇಕು.

ಕಿಂಡಲ್ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುತ್ತಾ?

ಅದನ್ನು ನಂಬಿಕೊಂಡು ಕಿಂಡಲ್ ಕೊಳ್ಳಬೇಡಿ. 2016ರ ಕೊನೆಯಲ್ಲಿ ಅಮೆಜಾನ್ ಭಾರತೀಯ ಭಾಷೆಗಳ ಇ-ಪುಸ್ತಕ ಶುರು ಮಾಡಿತು. ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ, ಒಟ್ಟು ಐದು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಪ್ರಕಾಶಕರು ಸಹಜವಾಗಿ ಬೇರೆ ದಾರಿ ಹಿಡಿದರು. ನಮ್ಮ ಇ-ಪುಸ್ತಕದ ಪೇಟೆ ಬೆಳೆದದ್ದೇ ಕಿಂಡಲ್‌ನ ಹೊರಗೆ.

ಪಕ್ಕದ ಮನೆಯ ತಮಿಳು ಗೆಳೆಯರು "ಕಿಂಡಲ್ ತಗೊಳ್ಳಿ, ಎಲ್ಲಾ ಸಿಗುತ್ತೆ" ಅಂದರೆ ಅವರ ಮಟ್ಟಿಗೆ ಅದು ಸರಿಯೇ.

ಹಾಗಾದರೆ ಕನ್ನಡ ಇ-ಪುಸ್ತಕ ಸಿಗುವುದೆಲ್ಲಿ?

ದಾರಿ ಮೂರು. ಯಂತ್ರದ ಆಯ್ಕೆ ನಿಂತಿರುವುದು ಇದರ ಮೇಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಕನ್ನಡದ್ದೇ ಆ್ಯಪ್‌ಗಳು. ಮೈಲ್ಯಾಂಗ್, ವಿವಿಡ್‌ಲಿಪಿಯಂಥವು. ಈಗಿನ ಲೇಖಕರ ಹೊಸ ಪುಸ್ತಕಗಳಿಗೆ ಹುಡುಕಬೇಕಾದ ಮೊದಲ ಜಾಗ ಇದು. ಇಂಥ ಆ್ಯಪ್‌ನಲ್ಲಿ ಕೊಂಡ ಪುಸ್ತಕವನ್ನು ಸಾಮಾನ್ಯವಾಗಿ ಆ ಆ್ಯಪ್ ಒಳಗೇ ಓದಬೇಕು. ಫೈಲ್ ನಿಮ್ಮ ಕೈಗೆ ಬರುವುದಿಲ್ಲ.

ಎರಡನೆಯದು ಗೂಗಲ್ ಪ್ಲೇ ಬುಕ್ಸ್. ಇಲ್ಲೂ ಕನ್ನಡ ಪುಸ್ತಕಗಳಿವೆ. ಕೊಳ್ಳುವ ಮುಂಚೆ ಸ್ಯಾಂಪಲ್ ತೆರೆದು ನೋಡಿ. ಅಕ್ಷರ ದೊಡ್ಡದು ಮಾಡಿದಾಗ ಸಾಲುಗಳು ಮುರಿದು ಹೊಸದಾಗಿ ಜೋಡಿಕೊಂಡರೆ ಅದು ನಿಜವಾದ ಇ-ಪುಸ್ತಕ. ಇಡೀ ಪುಟವೇ ಫೋಟೋದಂತೆ ಹಿಗ್ಗಿದರೆ ಅದು ಅಚ್ಚಿನ ಪುಟದ ಪ್ರತಿ ಅಷ್ಟೇ, 6 ಇಂಚಿನಲ್ಲಿ ಓದಲು ಒದ್ದಾಡಬೇಕಾಗುತ್ತದೆ.

ಮೂರನೆಯದು ಪುಕ್ಕಟೆ ಸಿಗುವ ಹಳೆಯ ಸಾಹಿತ್ಯ. ಭಾರತದಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಗಳು ಎಲ್ಲರ ಸ್ವತ್ತು. ಆ 60 ವರ್ಷವನ್ನು ಲೆಕ್ಕ ಹಾಕುವುದು ಅವರು ತೀರಿಕೊಂಡ ಮಾರನೆಯ ವರ್ಷದಿಂದ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರ ಬರಹ 2024ರ ಜನವರಿಯಿಂದ ಹೀಗೆ ಮುಕ್ತವಾಯಿತು. ಕನ್ನಡ ವಿಕಿಸೋರ್ಸ್‌ನಲ್ಲಿ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಕೃತಿಗಳು ಸಿಗುತ್ತವೆ, ನೇರ ಇಪಬ್ (ಇ-ಪುಸ್ತಕದ ಒಂದು ಫೈಲ್ ರೂಪ) ಆಗಿ ಇಳಿಸಿಕೊಳ್ಳಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆದ ಕನ್ನಡ ಪುಸ್ತಕಗಳ ದೊಡ್ಡ ರಾಶಿಯೇ ಇದೆ. ಬೆಂಗಳೂರಿನ ಸರ್ವೆಂಟ್ಸ್ ಆಫ್ ನಾಲೆಜ್ ತಂಡ ಸ್ಕ್ಯಾನ್ ಮಾಡಿದವೂ ಅಲ್ಲಿವೆ. ಆ ರಾಶಿಯಲ್ಲಿ ಹುಡುಕಲು ಸಂಚಯ ತಂಡದ ಪುಸ್ತಕ ಸಂಚಯ ನೆರವಾಗುತ್ತದೆ. ಸರ್ಕಾರದ ಕಣಜ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣಗಳನ್ನೂ ನೋಡಿ.

ಆರ್ಕೈವ್‌ನಲ್ಲಿ ಪಿಡಿಎಫ್ ಪಕ್ಕದಲ್ಲೇ ಇಪಬ್ ಅಂತ ಇನ್ನೊಂದು ಕೊಂಡಿ ಕಾಣುತ್ತದೆ. ಆಸೆಪಟ್ಟು ಅದನ್ನು ಇಳಿಸಬೇಡಿ. ಅದು ಸ್ಕ್ಯಾನ್ ಪುಟವನ್ನು ಕಂಪ್ಯೂಟರ್ ತಾನೇ ಓದಿ ತಯಾರಿಸಿದ್ದು. ಕನ್ನಡದಲ್ಲಿ ಅದರ ತುಂಬಾ ತಪ್ಪು.

ಆ್ಯಪ್‌ನಲ್ಲಿ ಕೊಂಡ ಪುಸ್ತಕವನ್ನು ಇ-ರೀಡರ್‌ನಲ್ಲಿ ಓದಬಹುದಾ?

ಕನ್ನಡ ಆ್ಯಪ್‌ಗಳ ಪುಸ್ತಕವನ್ನು ಕಿಂಡಲ್‌ನಲ್ಲಾಗಲಿ, ಕೋಬೋ ಅನ್ನುವ ಇನ್ನೊಂದು ಕಂಪನಿಯ ಇ-ರೀಡರ್‌ನಲ್ಲಾಗಲಿ ಓದಲು ಆಗುವುದಿಲ್ಲ. ಅವುಗಳಲ್ಲಿ ಮೊಬೈಲ್ ಆ್ಯಪ್ ಹಾಕಲು ಅವಕಾಶವೇ ಇಲ್ಲ. ಆಂಡ್ರಾಯ್ಡ್ ಇರುವ ಇ-ರೀಡರ್ ಆದರೆ ಆಗುತ್ತದೆ. ಓನಿಕ್ಸ್ ಬೂಕ್ಸ್ ಇದರಲ್ಲಿ ಹೆಸರಾದ ಕಂಪನಿ. ಅದರ 6 ಇಂಚಿನ ಗೋ 6 ಮಾದರಿ 2024ರಲ್ಲಿ 150 ಡಾಲರಿನ ಆಸುಪಾಸಿನಲ್ಲಿ ಬಂತು. ಪ್ಲೇ ಸ್ಟೋರ್ ಇದೆ, ಹಾಗಾಗಿ ಮೊಬೈಲ್‌ನಲ್ಲಿ ಓದುವ ಕನ್ನಡ ಆ್ಯಪ್‌ಗಳನ್ನು ಇದರಲ್ಲೂ ಹಾಕಿಕೊಳ್ಳಬಹುದು.

ತೊಂದರೆಗಳೂ ಇವೆ. ಮೊಬೈಲ್ ಆ್ಯಪ್‌ಗಳು ಬಣ್ಣದ, ಸರಸರ ಓಡುವ ಪರದೆಗೆ ಮಾಡಿದ್ದು. ಇ-ರೀಡರಿನ ಇ-ಇಂಕ್ ಪರದೆಯ ಮೇಲೆ ಬೆರಳಿನಿಂದ ಸರಿಸಿದರೆ ಅಕ್ಷರಗಳು ಒಂದರ ಮೇಲೊಂದು ಕಲೆಸಿಕೊಳ್ಳುತ್ತವೆ. ಆ್ಯಪ್‌ನಲ್ಲಿ ಪುಟ ಪುಟವಾಗಿ ತಿರುಗಿಸುವ ಆಯ್ಕೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ. ತಿಳಿ ಬಣ್ಣದ ಗುಂಡಿಗಳು ಬೂದು ಹಿನ್ನೆಲೆಯಲ್ಲಿ ಕಾಣೆಯಾಗುತ್ತವೆ. ಬ್ಯಾಟರಿಯೂ ವಾರಗಟ್ಟಲೆ ಬಾರದು. ಇಷ್ಟೆಲ್ಲ ಇದ್ದರೂ, ಹೊಸ ಕನ್ನಡ ಪುಸ್ತಕಗಳನ್ನು ದುಡ್ಡು ಕೊಟ್ಟು ಓದುವವರಿಗೆ ಈಗ ಸರಿಹೊಂದುವುದು ಆಂಡ್ರಾಯ್ಡ್ ಇ-ರೀಡರೇ ಅಂತ ನನ್ನ ಅಭಿಪ್ರಾಯ.

ಸುಮ್ನೆ ಉದ್ದ ಹೇಳಬೇಡಿ. ಯಾವುದು ತಗೊಳ್ಳಲಿ?

ಇಂಗ್ಲಿಷ್ ಜಾಸ್ತಿ, ಕನ್ನಡ ಅಪರೂಪ ಅನ್ನುವವರು ಸಾದಾ ಕಿಂಡಲ್ ತಗೊಳ್ಳಿ. ಆ್ಯಪ್‌ಗಳಲ್ಲಿ ಕನ್ನಡ ಕೊಳ್ಳುವವರು ಆಂಡ್ರಾಯ್ಡ್ ಇರುವುದನ್ನು ತಗೊಳ್ಳಿ. ವಿಕಿಸೋರ್ಸ್, ಆರ್ಕೈವ್, ಸ್ವಂತ ಫೈಲ್ ಅಂತ ಓದುವವರು, ಸ್ವಲ್ಪ ಕೈಯಾಡಿಸುವ ಹುಮ್ಮಸ್ಸು ಇದ್ದವರು ಕೋಬೋ ತಗೊಂಡು ಅದರಲ್ಲಿ ಕೆಓರೀಡರ್ ಹಾಕಿಕೊಳ್ಳಿ. ಕೆಓರೀಡರ್ ಉಚಿತ ಓದುವ ತಂತ್ರಾಂಶ. ಕೋಬೋದಲ್ಲಿ ಅದನ್ನು ಹಾಕುವುದು ಸುಲಭ. ಕಿಂಡಲ್‌ನಲ್ಲಿ ಮೊದಲು ಕಂಪನಿ ತಂತ್ರಾಂಶಕ್ಕೆ ಹಾಕಿದ ಬೀಗ ಮುರಿಯಬೇಕು, ಮುರಿಯಲು ಆಗುತ್ತದಾ ಇಲ್ಲವಾ ಅನ್ನುವುದು ಆಗ ಅದರಲ್ಲಿರುವ ತಂತ್ರಾಂಶದ ಆವೃತ್ತಿಯ ಮೇಲೆ.

ಕನ್ನಡ ಸರಿಯಾಗಿ ಮೂಡುತ್ತದಾ ಅಂತ ಪರೀಕ್ಷಿಸುವುದು ಹೇಗೆ?

ಯಾರ ಹತ್ತಿರವಾದರೂ ಆ ಮಾದರಿ ಇದ್ದರೆ ಹತ್ತು ನಿಮಿಷ ಕೇಳಿ ಪಡೆಯಿರಿ. ಒಂದು ಸಣ್ಣ ಇಪಬ್ ಮಾಡಿಕೊಂಡು ಹೋಗಿ. ಅದರಲ್ಲಿ ಈ ಪದಗಳಿರಲಿ: ರಾಷ್ಟ್ರ, ಸ್ವಾತಂತ್ರ್ಯ, ಪ್ರಾರ್ಥನೆ, ಕೃಷ್ಣ, ಲಕ್ಷ್ಮಿ, ತತ್ತ್ವ, ಕೋಟೆ, ಕೈಲಾಸ, ರ‍್ಯಾಂಕ್.

ನೋಡಬೇಕಾದ್ದು ಇಷ್ಟು. ರಾಷ್ಟ್ರದಲ್ಲಿ ಎರಡು ಒತ್ತು ಷ ಅಕ್ಷರಕ್ಕೆ ಸೇರಿಕೊಂಡೇ ಬರಬೇಕು. ರಾಷ್‌ಟ್‌ರ ಅಂತ ಬಿಡಿ ಬಿಡಿಯಾಗಿ ಬಂದರೆ ಆ ಯಂತ್ರಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಪ್ರಾರ್ಥನೆಯಲ್ಲಿ ಅರ್ಕಾವತ್ತು ಥ ಅಕ್ಷರದ ಬಲಕ್ಕೆ ಕೂರಬೇಕು. ಕೋಟೆಯ ದೀರ್ಘ ಪಕ್ಕದಲ್ಲೇ ಇರಬೇಕು, ನಡುವೆ ಜಾಗ ಬಿಡಬಾರದು. ಅಕ್ಷರದ ಬದಲು ಖಾಲಿ ಚೌಕ ಬಂದರೆ ಭಯ ಬೇಡ, ಅಲ್ಲಿ ಕನ್ನಡ ಫಾಂಟ್ ಇಲ್ಲ ಅಷ್ಟೇ. ಅದನ್ನು ಸರಿಮಾಡಬಹುದು. ಫಾಂಟ್ ಇದ್ದೂ ಒತ್ತು ಬಿಡಿಯಾಗುತ್ತಿದ್ದರೆ ದೋಷ ಇರುವುದು ಅಕ್ಷರ ಜೋಡಿಸುವ ತಂತ್ರಾಂಶದಲ್ಲಿ. ಅದನ್ನು ನಾವು ನೀವು ಸರಿಮಾಡಲು ಆಗುವುದಿಲ್ಲ. ಕೆಓರೀಡರ್ ಈ ಕೆಲಸಕ್ಕೆ ಹಾರ್ಫ್‌ಬಜ್ ಅನ್ನುವ ತಂತ್ರಾಂಶ ಬಳಸುತ್ತದೆ. ಒಳ್ಳೆಯ ಕನ್ನಡ ಫಾಂಟ್ ಕೊಟ್ಟರೆ ಅದು ಒತ್ತುಗಳನ್ನು ಸರಿಯಾಗಿ ಕೂರಿಸುತ್ತದೆ.

ಪುಸ್ತಕದ ಒಳಗೆ ಮಾತ್ರ ನೋಡಿ ಸುಮ್ಮನಾಗಬೇಡಿ. ಪುಸ್ತಕಗಳ ಪಟ್ಟಿಯಲ್ಲಿ ಹೆಸರು ಹೇಗೆ ಕಾಣುತ್ತದೆ ನೋಡಿ. ಒಳಗೆ ಚೆನ್ನಾಗಿದ್ದು ಪಟ್ಟಿಯಲ್ಲಿ ಬರೀ ಚೌಕಗಳು ಕಂಡರೆ ನೂರು ಪುಸ್ತಕಗಳಲ್ಲಿ ಬೇಕಾದ್ದನ್ನು ಹುಡುಕುವುದು ಹೇಗೆ? ಅಂಥ ಯಂತ್ರ ನಿಮ್ಮಲ್ಲಿ ಆಗಲೇ ಇದ್ದರೆ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿಡುವುದೊಂದೇ ದಾರಿ.

ನುಡಿಯಲ್ಲಿ ಟೈಪ್ ಮಾಡಿದ ಫೈಲ್ ಹಾಕಿದರೆ ಅರ್ಥವಾಗದ ಇಂಗ್ಲಿಷ್ ಚಿಹ್ನೆ ಬರುತ್ತವೆ. ಯಂತ್ರ ಕೆಟ್ಟಿದೆಯಾ?

ಯಂತ್ರ ಸರಿ ಇದೆ. ನುಡಿ, ಬರಹದ ಹಳೆಯ ಫಾಂಟುಗಳು ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದವು. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಚಿಹ್ನೆಗಳೇ ಹೊರಗೆ ಕಾಣುತ್ತವೆ. ಡಿಟಿಪಿ ಮಾಡಿಸಿದ ಹಳೆಯ ಹಸ್ತಪ್ರತಿಗಳಲ್ಲಿ ಇದು ಮಾಮೂಲಿ. ಆಸ್ಕಿ ಅನ್ನುವ ಈ ಹಳೆಯ ರೂಪದಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ನೆಟ್‌ನಲ್ಲಿವೆ. ಬದಲಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು ಮತ್ತು ಒತ್ತುಗಳಲ್ಲಿ ತಪ್ಪು ಉಳಿದಿರಬಹುದು. ಆಮೇಲೆ ಇಪಬ್ ಮಾಡಿ.

167 ಪಿಪಿಐ ಸಾಕಾ, 300 ಬೇಕಾ?

ಕನ್ನಡಕ್ಕೆ 300. ಇದರಲ್ಲಿ ರಾಜಿ ಬೇಡ.

ಪಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕಿ. 2019ರ ಸಾದಾ ಕಿಂಡಲ್ ಪರದೆಯಲ್ಲಿ 800 ಸಾಲು, ಒಂದೊಂದರಲ್ಲಿ 600 ಚುಕ್ಕಿ. 300 ಪಿಪಿಐ ಪರದೆಯಲ್ಲಿ 1,448 ಸಾಲು, ಒಂದೊಂದರಲ್ಲಿ 1,072. ಒಟ್ಟು ಲೆಕ್ಕ ಹಾಕಿದರೆ ಮೂರು ಪಟ್ಟಿಗೂ ಜಾಸ್ತಿ. ಇಂಗ್ಲಿಷ್‌ನಲ್ಲಿ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ, ಕಡಿಮೆ ಚುಕ್ಕಿಯಲ್ಲೂ ಗುರುತು ಸಿಗುತ್ತವೆ. ನಮ್ಮಲ್ಲಿ ಒತ್ತಕ್ಷರ ಕೆಳಗೆ ಅರ್ಧ ಗಾತ್ರದಲ್ಲಿ ಕೂರುತ್ತದೆ. ಪ, ಷ, ಫ ಬೇರೆಯಾಗುವುದು ಒಂದು ಸಣ್ಣ ಗೀಟಿನಿಂದ. 167ರಲ್ಲಿ ಆ ಗೀಟು ಮಸುಕಾಗುತ್ತದೆ. ಅಕ್ಷರ ದೊಡ್ಡದು ಮಾಡಿ ಓದಬಹುದು, ಆದರೆ ಆಗ ಒಂದು ಪುಟಕ್ಕೆ ಹತ್ತು ಸಾಲೂ ಹಿಡಿಯುವುದಿಲ್ಲ.

212 ಪಿಪಿಐ ಯಂತ್ರ ಅರ್ಧ ಬೆಲೆಗೆ ಸಿಕ್ಕರೆ ಮಾತ್ರ ಒಮ್ಮೆ ಯೋಚಿಸಬಹುದು.

ಆರ್ಕೈವ್‌ನ ಸ್ಕ್ಯಾನ್ ಪಿಡಿಎಫ್ 6 ಇಂಚಿನಲ್ಲಿ ಓದಲು ಆಗುತ್ತಾ?

ಆಗುತ್ತದೆ, ಸ್ವಲ್ಪ ತಯಾರಿ ಬೇಕು. ಮೊದಲು ಅಳತೆ ನೋಡೋಣ. 6 ಇಂಚು ಅನ್ನುವುದು ಕರ್ಣದ ಅಳತೆ. ಪರದೆಯ ನಿಜವಾದ ಅಗಲ 9 ಸೆಂಟಿಮೀಟರ್, ಎತ್ತರ 12 ಸೆಂಟಿಮೀಟರ್ ಹತ್ತಿರ. ಡೆಮಿ 1/8 ಆಕಾರದ ಕನ್ನಡ ಪುಸ್ತಕದ ಪುಟ ಸುಮಾರು 14 ಸೆಂಟಿಮೀಟರ್ ಅಗಲ. ಪುಟದ ಇಡೀ ಅಗಲ ತುರುಕಿದರೆ ಅಕ್ಷರ ಅಚ್ಚಿನದಕ್ಕಿಂತ ಮೂರನೇ ಒಂದು ಭಾಗದಷ್ಟು ಚಿಕ್ಕದಾಗುತ್ತದೆ. ಹಳೆಯ ಅಚ್ಚು, ಕಂದಿದ ಕಾಗದ, ಅದರ ಮೇಲೆ ಇದು. ಹತ್ತು ಪುಟಕ್ಕೆ ಸಾಕಾಗಿ ಹೋಗುತ್ತದೆ.

ಸುತ್ತಲಿನ ಖಾಲಿ ಅಂಚು ಕತ್ತರಿಸಿದರೆ ಚಿತ್ರ ಬದಲಾಗುತ್ತದೆ. ಅಕ್ಷರವಿರುವ ಭಾಗ ಸಾಮಾನ್ಯವಾಗಿ 10ರಿಂದ 11 ಸೆಂಟಿಮೀಟರ್ ಅಗಲ. ಈಗ ಹೆಚ್ಚೆಂದರೆ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ ಚಿಕ್ಕದು. ಯಂತ್ರವನ್ನು ಅಡ್ಡ ಹಿಡಿದರೆ 12 ಸೆಂಟಿಮೀಟರ್ ಅಗಲ ಸಿಗುತ್ತದೆ, ಅಕ್ಷರ ಅಚ್ಚಿಗಿಂತ ಒಂಚೂರು ದೊಡ್ಡದೇ ಕಾಣುತ್ತದೆ. ಒಂದು ಪುಟವನ್ನು ಎರಡು ಮೂರು ತುಂಡಾಗಿ ಓದುತ್ತೀರಿ, ಅಷ್ಟೇ. ನನಗೆ ಇದೇ ಹಿತ.

ಕೆಓರೀಡರ್‌ನಲ್ಲಿ ಅಂಚು ಕತ್ತರಿಸುವುದು ಒಳಗೇ ಇದೆ, ಕಂದಿದ ಅಕ್ಷರವನ್ನು ಗಾಢ ಮಾಡುವ ಆಯ್ಕೆಯೂ ಇದೆ. ಕಿಂಡಲ್‌ಗಾದರೆ ಕಂಪ್ಯೂಟರಿನಲ್ಲೇ ಕೆ2ಪಿಡಿಎಫ್‌ಆಪ್ಟ್ ಅನ್ನುವ ಉಚಿತ ಸಾಧನದಿಂದ ಅಂಚು ತೆಗೆದು, ಆಮೇಲೆ ಹಾಕಿ. ಓದುವುದೆಲ್ಲ ಸ್ಕ್ಯಾನ್ ಪುಸ್ತಕವೇ ಆದರೆ 6 ಇಂಚಿನ ಹಟ ಬಿಡಿ. 7 ಇಂಚಿನಲ್ಲಿ ಅಂಚು ತೆಗೆದ ಡೆಮಿ ಪುಟ ಹೆಚ್ಚು ಕಡಿಮೆ ಮೂಲ ಗಾತ್ರದಲ್ಲೇ ಕೂರುತ್ತದೆ. ಅಗ್ಗದ ಟ್ಯಾಬ್ ಕೂಡ ಈ ಒಂದು ಕೆಲಸದಲ್ಲಿ ಇ-ರೀಡರನ್ನು ಮೀರಿಸುತ್ತದೆ.

ಫಾಂಟ್ ಬದಲಾಯಿಸಬಹುದಾ?

ಕಿಂಡಲ್, ಕೋಬೋ ಎರಡರಲ್ಲೂ ಫಾಂಟ್ ಹಾಕಲು ಫೋಲ್ಡರ್ ಇದೆ. ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ತಿರೋ ಕನ್ನಡ ಉಚಿತವಾಗಿ ಸಿಗುತ್ತವೆ. ಇ-ಇಂಕ್ ಮೇಲೆ ತೆಳು ಗೆರೆಯ ಫಾಂಟ್ ಬಿಳಿಚಿಕೊಳ್ಳುತ್ತದೆ. ಮೊಬೈಲ್‌ನಲ್ಲಿ ಚಂದ ಕಂಡದ್ದು ಇಲ್ಲಿ ಚಂದ ಕಾಣಬೇಕೆಂದಿಲ್ಲ. ಒಂದು ಸುತ್ತು ದಪ್ಪ ಇರುವುದನ್ನು ಆರಿಸಿ. ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ಪದಗಳ ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬರುತ್ತದೆ. ಯಾಕೆ?

ಕನ್ನಡದ ಪದಗಳು ಉದ್ದ. "ಮಾತನಾಡುತ್ತಿದ್ದವರೆಲ್ಲರಿಗೂ" ಅಂತ ಒಂದು ಪದ ಬಂದರೆ ಅದೇ ಅರ್ಧ ಸಾಲು. ಅದು ಹಿಡಿಸದಿದ್ದಾಗ ಕೆಳಗಿನ ಸಾಲಿಗೆ ಹೋಗುತ್ತದೆ. ಮೇಲೆ ಉಳಿದ ಎರಡು ಪದಗಳನ್ನು ಎಳೆದು ಎರಡೂ ಅಂಚಿಗೆ ಮುಟ್ಟಿಸುತ್ತದೆ ಯಂತ್ರ. ಇಂಗ್ಲಿಷ್‌ನಲ್ಲಾದರೆ ಪದವನ್ನು ಮುರಿದು ಗೆರೆ ಹಾಕುತ್ತದೆ. ಕನ್ನಡದಲ್ಲಿ ಎಲ್ಲಿ ಮುರಿಯಬೇಕು ಅಂತ ಎಷ್ಟೋ ಯಂತ್ರಗಳಿಗೆ ಗೊತ್ತಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ಮಾತ್ರ ಹೊಂದಿಸುವ ಆಯ್ಕೆ ಹುಡುಕಿ. ಬಲ ಅಂಚು ಏರುಪೇರಾಗುತ್ತದೆ, ಓದು ಮಾತ್ರ ಸರಾಗ.

ಪದ ಮುಟ್ಟಿದರೆ ಅರ್ಥ ಬರುತ್ತಾ?

ಇಂಗ್ಲಿಷ್ ಪದಕ್ಕೆ ಬರುತ್ತದೆ, ಅದು ನಿಜಕ್ಕೂ ದೊಡ್ಡ ಅನುಕೂಲ. ಕನ್ನಡಕ್ಕೆ ನೀವೇ ನಿಘಂಟು ಹಾಕಿಕೊಳ್ಳಬೇಕು. ಅಲರ್ ಕನ್ನಡ-ಇಂಗ್ಲಿಷ್ ನಿಘಂಟಿನ ಮಾಹಿತಿ ಮುಕ್ತವಾಗಿ ಸಿಗುತ್ತದೆ. ಕೆಓರೀಡರ್ ಸ್ಟಾರ್‌ಡಿಕ್ಟ್ ರೂಪದ ನಿಘಂಟುಗಳನ್ನು ಓದುತ್ತದೆ. ಆದರೆ "ಅರಸನಿಗಾದರೂ" ಅಂತ ಮುಟ್ಟಿದರೆ "ಅರಸ" ಅಂತ ಹುಡುಕುವ ಬುದ್ಧಿ ಇವಕ್ಕಿಲ್ಲ. ನೀವೇ ಪ್ರತ್ಯಯ ಅಳಿಸಿ ಹುಡುಕಬೇಕು. ಹಳಗನ್ನಡ ಓದುವವರು ಪಕ್ಕದಲ್ಲಿ ಅಚ್ಚಿನ ನಿಘಂಟು ಇಟ್ಟುಕೊಳ್ಳುವುದೇ ವಾಸಿ.

ಕಿಂಡಲ್‌ಗೆ ನನ್ನ ಇಪಬ್ ಕಳಿಸಿದರೆ ಹೋಗುತ್ತಿಲ್ಲ. ಏನು ಮಾಡಲಿ?

ಕಿಂಡಲ್ ಇಪಬ್ ಅನ್ನು ನೇರ ತೆರೆಯುವುದಿಲ್ಲ. ಅಮೆಜಾನಿನ ಸೆಂಡ್ ಟು ಕಿಂಡಲ್ ಸೇವೆಯ ಮೂಲಕ ಕಳಿಸಬೇಕು. ಅದು 2022ರಿಂದ ಇಪಬ್ ತೆಗೆದುಕೊಂಡು ತನ್ನ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಇಮೇಲ್ ಮೂಲಕ ಕಳಿಸಿದರೆ 50 ಎಂಬಿ ಮಿತಿ, ವೆಬ್ ಮೂಲಕ 200 ಎಂಬಿ. ಸ್ಕ್ಯಾನ್ ಪಿಡಿಎಫ್‌ಗಳು ಈ ಗೆರೆಯನ್ನು ಸುಲಭವಾಗಿ ದಾಟುತ್ತವೆ.

ಗಾತ್ರ ಸರಿಯಿದ್ದೂ ತಿರಸ್ಕರಿಸಿದರೆ ಇಪಬ್ ಒಳಗೆ ಭಾಷೆಯ ಹೆಸರು ಏನಿದೆ ನೋಡಿ. ಅದು ಖಾಲಿ ಇದ್ದರೆ, ಅಥವಾ ಅಮೆಜಾನ್ ಒಪ್ಪದ ಭಾಷೆಯಾದರೆ ಫೈಲ್ ವಾಪಸ್ ಬರಬಹುದು. ಕ್ಯಾಲಿಬರ್ ಅನ್ನುವ ಉಚಿತ ಕಂಪ್ಯೂಟರ್ ತಂತ್ರಾಂಶದಲ್ಲಿ ತೆರೆದು ಭಾಷೆಯ ಜಾಗದಲ್ಲಿ ಇಂಗ್ಲಿಷ್ ಅಂತ ಹಾಕಿ ಕಳಿಸಿ ನೋಡಿ. ನಾಚಿಕೆಗೇಡಿನ ಉಪಾಯ, ಆದರೆ ಕೆಲಸ ಆಗುತ್ತದೆ. ಇನ್ನೊಂದು ದಾರಿ: ಕ್ಯಾಲಿಬರ್‌ನಲ್ಲೇ ಕಿಂಡಲ್ ಓದಬಲ್ಲ ಎಝಡ್‌ಡಬ್ಲ್ಯೂ3 ರೂಪಕ್ಕೆ ಬದಲಿಸಿ, ಕನ್ನಡ ಫಾಂಟ್ ಒಳಗೇ ಸೇರಿಸಿ, ಕೇಬಲ್‌ನಲ್ಲಿ ಹಾಕಿ. ಇ-ರೀಡರ್ ಯಾವುದೇ ಇರಲಿ, ಕ್ಯಾಲಿಬರ್ ಕಲಿಯುವುದು ಒಳ್ಳೆಯದು. 2006ರಲ್ಲಿ ಇದನ್ನು ಶುರು ಮಾಡಿದ್ದು ಕೋವಿದ್ ಗೋಯಲ್, ನಮ್ಮ ದೇಶದವರೇ. ಇವತ್ತಿಗೂ ಪುಕ್ಕಟೆ.

ಕಿಂಡಲ್ ಅಂಗಡಿಯಲ್ಲಿ ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರುವರಿ 26ಕ್ಕೆ ನಿಲ್ಲಿಸಿತು. ನಿಮ್ಮದೇ ಫೈಲ್‌ಗಳನ್ನು ಕೇಬಲ್‌ನಲ್ಲಿ ಹಾಕುವುದಕ್ಕೆ ಇದರಿಂದ ಅಡ್ಡಿಯಿಲ್ಲ.

ಆರು ವಾರ ಬ್ಯಾಟರಿ ಅಂತಾರೆ. ನಿಜವಾ?

ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದಿ. ಆ ಲೆಕ್ಕ ದಿನಕ್ಕೆ ಅರ್ಧ ಗಂಟೆ ಓದಿದರೆ, ವೈಫೈ ಆಫ್ ಇದ್ದರೆ, ದೀಪ ನಡುಮಟ್ಟದಲ್ಲಿದ್ದರೆ. 42 ದಿನ, ಅರ್ಧರ್ಧ ಗಂಟೆ: ಒಟ್ಟು 21 ಗಂಟೆ ಓದು. ದಿನಾ ಎರಡು ಗಂಟೆ ಓದುವವರಿಗೆ ಹತ್ತು ದಿನ. ಅದೂ ಕಡಿಮೆಯೇನಲ್ಲ ಬಿಡಿ. ಸ್ಕ್ಯಾನ್ ಪಿಡಿಎಫ್ ಓದಿದರೆ ಬೇಗ ಇಳಿಯುತ್ತದೆ.

8 ಜಿಬಿ ಸಾಕಾ?

ಅಕ್ಷರದ ಇಪಬ್‌ಗಳಿಗೆ ಬೇಕಾದಷ್ಟು. ಸ್ಕ್ಯಾನ್ ಪುಸ್ತಕ ಗುಡ್ಡೆ ಹಾಕುವವರಿಗೆ 16 ಇರಲಿ.

ಹಳದಿ ಬೆಳಕು, ನೀರು ನಿರೋಧಕ ಇವೆಲ್ಲ ಬೇಕಾ?

ದೀಪ ಬೇಕೇ ಬೇಕು. ಅದು ಇಲ್ಲದ ಹಳೆಯ ಮಾದರಿ ಎಷ್ಟೇ ಅಗ್ಗವಾದರೂ ಬೇಡ. ಹಳದಿ ಬೆಳಕು ರಾತ್ರಿ ಓದುವವರಿಗೆ ಹಿತ, ಅದಿಲ್ಲದೆಯೂ ನಡೆಯುತ್ತದೆ. ನೀರು ನಿರೋಧಕ ಅಂದರೆ ಪರೀಕ್ಷೆ ಮಾಡಿರುವುದು ಸಿಹಿ ನೀರಿನಲ್ಲಿ. ಅದಕ್ಕಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡುವ ಬದಲು ಆ ದುಡ್ಡಿನಲ್ಲಿ ಪುಸ್ತಕ ಕೊಳ್ಳಿ.

ಅಪ್ಪ-ಅಮ್ಮನಿಗೆ ಕೊಡಿಸಬಹುದಾ?

ಅವರು ಏನು ಓದುತ್ತಾರೆ? ದಿನಪತ್ರಿಕೆ, ವಾರಪತ್ರಿಕೆ ಆದರೆ ಬೇಡ, 10 ಇಂಚಿನ ಟ್ಯಾಬ್ ಕೊಡಿಸಿ. ಕಾದಂಬರಿ ಓದುವವರಾದರೆ ಅಕ್ಷರ ದೊಡ್ಡದು ಮಾಡುವ ಸೌಲಭ್ಯಕ್ಕೆ ಖುಷಿಪಡುತ್ತಾರೆ. ಆದರೆ 6 ಇಂಚಿನಲ್ಲಿ ತುಂಬಾ ದೊಡ್ಡದು ಮಾಡಿದರೆ ಸಾಲಿಗೆ ಎರಡು ಮೂರು ಕನ್ನಡ ಪದ ಮಾತ್ರ. ಪುಟ ತಿರುಗಿಸಿ ತಿರುಗಿಸಿ ಬೇಸತ್ತು ಪಕ್ಕಕ್ಕಿಡುತ್ತಾರೆ. ಅವರಿಗೆ 7 ಇಂಚು ನೋಡಿ, ಗುಂಡಿ ಒತ್ತಿ ಪುಟ ತಿರುಗಿಸುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಪುಸ್ತಕ ಹಾಕಿಕೊಡುವ ಕೆಲಸ ಕೊನೆತನಕ ನಿಮ್ಮದೇ ಅಂತ ಗೊತ್ತಿರಲಿ.

ಸೆಕೆಂಡ್ ಹ್ಯಾಂಡ್ ತಗೊಳ್ಳಬಹುದಾ?

ಬಜೆಟ್ ಕಡಿಮೆ ಇದ್ದರೆ ಇದೇ ಒಳ್ಳೆಯ ದಾರಿ. ಇ-ರೀಡರ್ ಮೊಬೈಲ್‌ನಷ್ಟು ಬೇಗ ಹಳತಾಗುವುದಿಲ್ಲ. ಮಾರುವವರು ತಮ್ಮ ಖಾತೆಯಿಂದ ಯಂತ್ರವನ್ನು ಬಿಡಿಸಿರಬೇಕು. ನಿಮ್ಮ ಖಾತೆ ಹಾಕಿ, ವೈಫೈಗೆ ಸೇರಿಸಿ, ಒಂದು ಪುಸ್ತಕ ಇಳಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ. ಕಳುವಾದದ್ದು ಅಂತ ದಾಖಲಾದ ಯಂತ್ರ ಖಾತೆಗೆ ಸೇರುವುದಿಲ್ಲ. ದೀಪ ಪೂರ್ತಿ ಹಾಕಿ, ಕತ್ತಲೆ ಕೋಣೆಯಲ್ಲಿ ನೋಡಿ, ಗೀರು ಮತ್ತು ಸತ್ತ ಚುಕ್ಕಿ ಎದ್ದು ಕಾಣುತ್ತವೆ. ಹಿಂದಿನ ಪುಟದ ನೆರಳು ಸ್ವಲ್ಪ ಉಳಿಯುವುದು ದೋಷವಲ್ಲ. ಪ್ರತಿ ಪುಟಕ್ಕೂ ಪರದೆಯನ್ನು ಪೂರ್ತಿ ಅಳಿಸಿ ಹೊಸದಾಗಿ ಮೂಡಿಸುವ (ರಿಫ್ರೆಶ್) ಸೆಟ್ಟಿಂಗ್ ಹಾಕಿದರೆ ಅದು ಹೋಗಬೇಕು. ಹೋಗದಿದ್ದರೆ ಬಿಡಿ.

ಪರದೆ ಒಡೆದರೆ ರಿಪೇರಿ ಆಗುತ್ತಾ?

ಅಗ್ಗದ ಯಂತ್ರದಲ್ಲಿ ರಿಪೇರಿ ಖರ್ಚು ಗಿಟ್ಟುವುದಿಲ್ಲ. ಮೇಲೆ ಪ್ಲಾಸ್ಟಿಕ್‌ನಂತೆ ಕಂಡರೂ ಒಳಗಿರುವುದು ತೆಳುವಾದ ಗಾಜು. ಹೊರಗೆ ಬಿರುಕೇ ಇಲ್ಲದೆ ಒಳಗೆ ಒಡೆದು ಅರ್ಧ ಪರದೆ ಗೆರೆ ಗೆರೆಯಾಗುತ್ತದೆ. ಬಿಎಂಟಿಸಿ ಬಸ್ಸಿನ ನೂಕುನುಗ್ಗಲಲ್ಲಿ ಬ್ಯಾಗಿನೊಳಗೆ ಊಟದ ಡಬ್ಬಿ ಒತ್ತಿದರೂ ಸಾಕು. ಗಟ್ಟಿ ಮುಚ್ಚಳದ ಕವರ್ ಮೊದಲ ದಿನವೇ ಹಾಕಿ, ಅದರ ದುಡ್ಡನ್ನೂ ಬಜೆಟ್‌ನಲ್ಲೇ ಸೇರಿಸಿ. ಕೋಬೋ 2024ರಿಂದ ಕೆಲವು ಮಾದರಿಗಳಿಗೆ ಐಫಿಕ್ಸಿಟ್ ಅನ್ನುವ ರಿಪೇರಿ ತಾಣದ ಮೂಲಕ ಬಿಡಿಭಾಗ ಮತ್ತು ಬಿಚ್ಚುವ ಮಾರ್ಗದರ್ಶಿ ಕೊಡುತ್ತಿದೆ, ಕೈಚಳಕ ಇದ್ದವರಿಗೆ ಉಪಯೋಗ.

ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸಲಾ?

ಬೆಲೆ ನೋಡಿದರೆ ಆಸೆಯಾಗುವುದು ಸಹಜ. ಎರಡು ವಿಷಯ ಮೊದಲೇ ಹೇಳಿಬಿಡಿ. ಅಲ್ಲಿ ಸಾದಾ ಕಿಂಡಲ್ ಜಾಹೀರಾತು ಇರುವುದು, ಇಲ್ಲದಿರುವುದು ಅಂತ ಎರಡು ಬಗೆ. 20 ಡಾಲರ್ ಉಳಿಸಲು ಜಾಹೀರಾತಿನದ್ದು ತಂದರೆ ಪ್ರತಿ ಸಲ ಆನ್ ಮಾಡುವಾಗ ಪರದೆ ಮೇಲೆ ಯಾವುದೋ ಕಾದಂಬರಿಯ ಪೋಸ್ಟರ್. ಎರಡನೆಯದು, ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಅಣ್ಣ ವಿಮಾನ ಹತ್ತುವುದಕ್ಕೆ ಎರಡು ವಾರ ಮುಂಚೆಯೇ ತರಿಸಿಕೊಳ್ಳಲಿ. ಮೇಲೆ ಹೇಳಿದ ಪದಗಳ ಇಪಬ್ ಕಳಿಸಿ, ಅದರ ಪರದೆಯ ಫೋಟೋ ತೆಗೆದು ಕಳಿಸಲು ಹೇಳಿ. ರಾಷ್ಟ್ರ ಸರಿಯಾಗಿ ಬರದಿದ್ದರೆ ಅಲ್ಲೇ ಅಂಗಡಿಗೆ ವಾಪಸ್ ಕೊಡಬಹುದು.